ಹೊಲಿಗೆ ಹಾಕಿದರೆ ಸಾಲದು

ಹಿಂಸೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವ ಮುಂಚೆ ಆಸ್ಪತ್ರೆಯ ಬಾಗಿಲಿಗೆ ಬರುತ್ತದೆ. ಎಷ್ಟೋ ಸಲ ಠಾಣೆಗೆ ಹೋಗುವುದೇ ಇಲ್ಲ, ಆಸ್ಪತ್ರೆಗೆ ಮಾತ್ರ ಬಂದು ಹೋಗುತ್ತದೆ. ಬಂದಾಗ ತನ್ನ ಹೆಸರು ಹೇಳುವುದಿಲ್ಲ. ಬಚ್ಚಲಲ್ಲಿ ಕಾಲು ಜಾರಿತು ಎನ್ನುತ್ತದೆ, ಕತ್ತಲಲ್ಲಿ ಬಾಗಿಲು ಬಡಿಯಿತು ಎನ್ನುತ್ತದೆ, ಹಸು ಹಾಯಿತು ಎನ್ನುತ್ತದೆ. ಗುಬ್ಬಿಯ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ದಾದಿಗೆ, ಕುಣಿಗಲ್ ಸೀಮೆಯ ಹಳ್ಳಿಯಲ್ಲಿ ಮನೆ ಮನೆ ತಿರುಗುವ ಆಶಾ ಅಕ್ಕನಿಗೆ, ತುಮಕೂರಿನ ತುರ್ತು ಚಿಕಿತ್ಸಾ ಘಟಕದಲ್ಲಿ ನಿಂತ ಹೌಸ್‌ಸರ್ಜನ್‌ಗೆ ಈ ಮಾತುಗಳು ಹೊಸವಲ್ಲ. ಅವರು ಗಾಯ ತೊಳೆಯುತ್ತಾರೆ, ಹೊಲಿಗೆ ಹಾಕುತ್ತಾರೆ, ಟಿಟಿ ಇಂಜೆಕ್ಷನ್ ಕೊಡುತ್ತಾರೆ, ಕಳಿಸುತ್ತಾರೆ. ಕೆಲವು ತಿಂಗಳು ಕಳೆದ ಮೇಲೆ ಅದೇ ಮುಖ ಇನ್ನೊಂದು ಗಾಯ ಹೊತ್ತು ಬರುತ್ತದೆ.

ತುಮಕೂರು ಜಿಲ್ಲೆಯಲ್ಲಿ ನರ್ಸಿಂಗ್, ಎಂಬಿಬಿಎಸ್, ಪ್ಯಾರಾಮೆಡಿಕಲ್ ಓದುತ್ತಿರುವ, ಓದಲು ಹೊರಟಿರುವ, ಈಗತಾನೇ ಕೆಲಸಕ್ಕೆ ಸೇರಿರುವ ತಮ್ಮ ತಂಗಿಯರಿಗೆ ಈ ಲೇಖನ. ಹೇಳಬೇಕಾದ್ದು ಒಂದೇ ಮಾತು. ಬಂದ ಗಾಯಕ್ಕೆ ಮದ್ದು ಹಾಕಿದರೆ ನಿಮ್ಮ ಕೆಲಸ ಅರ್ಧ ಆಯಿತು. ಮುಂದಿನ ಗಾಯ ಆಗದಂತೆ ತಡೆದರೆ ಪೂರ್ತಿ ಆಯಿತು. ಆ ಉಳಿದರ್ಧ ನಿಮ್ಮ ಕೆಲಸವೇ ಅಲ್ಲ, ನಿಮಗೇಕೆ ಊರ ಉಸಾಬರಿ ಎನ್ನುವವರು ಬಹಳ ಜನ ಸಿಗುತ್ತಾರೆ. ಅವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕ ತಲೆ ತಗ್ಗಿಸುವಂಥ ಅಂಕಿಯೊಂದನ್ನು ಮುಂದಿಟ್ಟಿತು. 18ರಿಂದ 49 ವರ್ಷದೊಳಗಿನ ವಿವಾಹಿತೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದರು. ದೇಶದಲ್ಲೇ ಅತಿ ಹೆಚ್ಚು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ಇನ್ನೊಂದು ಅಂಕಿ ಇದಕ್ಕಿಂತ ಚುಚ್ಚುತ್ತದೆ: ಇಡೀ ದೇಶದಲ್ಲಿ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಯಾರ ಬಳಿಯಾದರೂ ನೆರವು ಕೇಳಿದವರು ಶೇ 14 ಮಾತ್ರ. ಉಳಿದವರು ಎಲ್ಲಿದ್ದರು? ಬಸುರಿ ತಪಾಸಣೆಗೆಂದು, ಮಗುವಿನ ಚುಚ್ಚುಮದ್ದಿಗೆಂದು, ಬಿಡದ ತಲೆನೋವಿಗೆಂದು ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಬಂದು ಕೂತಿದ್ದರು. ನಾವು ಬಿಪಿ ನೋಡಿದೆವು, ತೂಕ ನೋಡಿದೆವು, ಕಬ್ಬಿಣದ ಮಾತ್ರೆ ಕೊಟ್ಟೆವು. ಆ ಒಂದು ಪ್ರಶ್ನೆ ಕೇಳಲಿಲ್ಲ.

ಲಾರ್ವಾ ಹುಡುಕುವ ಕೆಲಸ

ಡೆಂಗಿ ಬಂದಾಗ ರೋಗಿಗೆ ಡ್ರಿಪ್ ಹಾಕಿ ನಾವು ಸುಮ್ಮನೆ ಕೂರುವುದಿಲ್ಲ. ಆಶಾ ಅಕ್ಕ ತೊಟ್ಟಿ, ಡ್ರಮ್ಮು, ಹಳೇ ಟೈರು, ತೆಂಗಿನ ಚಿಪ್ಪು ಎಲ್ಲ ಬಗ್ಗಿಸಿ ಲಾರ್ವಾ ಹುಡುಕುತ್ತಾಳೆ. ಹಿಂಸೆಯ ವಿಚಾರದಲ್ಲೂ ಇದೇ ಬುದ್ಧಿ ಬೇಕು ಎಂಬುದು ನನ್ನೊಬ್ಬನ ಆಸೆಯಲ್ಲ. 1996ರಲ್ಲಿ ವಿಶ್ವ ಆರೋಗ್ಯ ಮಹಾಸಭೆ ಹಿಂಸೆಯನ್ನು ಜಗತ್ತಿನ ದೊಡ್ಡ ಸಾರ್ವಜನಿಕ ಆರೋಗ್ಯ ಸಮಸ್ಯೆ ಎಂದು ಸಾರಿತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಿಂಸೆ ಮತ್ತು ಆರೋಗ್ಯದ ಬಗ್ಗೆ ಮೊದಲ ಜಾಗತಿಕ ವರದಿ ತಂದಿತು. ಹಿಂಸೆ ಹಣೆಬರಹವಲ್ಲ, ಅದಕ್ಕೆ ಕಾರಣಗಳಿವೆ, ಕಾರಣ ತಿಳಿದದ್ದನ್ನು ತಡೆಯಬಹುದು ಎಂಬುದು ಅದರ ಸಾರ.

ಗ್ಯಾರಿ ಸ್ಲಟ್ಕಿನ್ ಎಂಬ ಅಮೆರಿಕದ ಸಾಂಕ್ರಾಮಿಕ ರೋಗ ತಜ್ಞರು ಕ್ಷಯ, ಕಾಲರಾ, ಏಡ್ಸ್ ವಿರುದ್ಧ ಆಫ್ರಿಕದಲ್ಲಿ ವರ್ಷಗಟ್ಟಲೆ ದುಡಿದು ಷಿಕಾಗೊಗೆ ಮರಳಿದರು. ಅಲ್ಲಿ ಗುಂಡೇಟಿನ ಸಾವುಗಳ ನಕ್ಷೆ ನೋಡಿದರೆ ಅದು ಕಾಲರಾ ನಕ್ಷೆಯಂತೆಯೇ ಕಂಡಿತು. ಒಂದು ಕೊಲೆಯ ಸುತ್ತ ಇನ್ನೆರಡು, ಅದರ ಸುತ್ತ ನಾಲ್ಕು. 2000ದಲ್ಲಿ ಅವರು ಆ ನಗರದ ಒಂದು ಬಡಾವಣೆಯಲ್ಲಿ ಅಲ್ಲಿನವರನ್ನೇ ತರಬೇತಿಗೊಳಿಸಿ, ಜಗಳ ಕೊಲೆಯಾಗುವ ಮುಂಚೆ ಮಧ್ಯೆ ನಿಲ್ಲುವ ಕೆಲಸಕ್ಕೆ ಬಿಟ್ಟರು. ಹೊರಗಿನವರಿಗೆ ತೆರೆಯದ ಬಾಗಿಲು ಅವರಿಗೆ ತೆರೆಯಿತು.

ನಮ್ಮಲ್ಲಿ ಅಂಥವರನ್ನು ಹೊಸದಾಗಿ ಹುಡುಕಬೇಕಿಲ್ಲ. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನ ಸಾವಿರ ಜನಕ್ಕೆ ಒಬ್ಬರಂತೆ ಆಶಾ ಕಾರ್ಯಕರ್ತೆಯರನ್ನು ಕೊಟ್ಟಿತು. ಯಾವ ಮನೆಯಲ್ಲಿ ಸೊಸೆ ಊಟ ಬಿಟ್ಟಿದ್ದಾಳೆ, ಯಾವ ಮನೆಯಲ್ಲಿ ಹುಡುಗಿಯನ್ನು ಹೈಸ್ಕೂಲಿನಿಂದ ಬಿಡಿಸಿ ಮದುವೆ ಮಾತು ನಡೆಸಿದ್ದಾರೆ, ಯಾರ ಮನೆಯಲ್ಲಿ ಸಾಲ ಮಾಡಿ ಕುಡಿಯುತ್ತಾರೆ, ಎಲ್ಲವೂ ಆಕೆಗೆ ಗೊತ್ತು. ಗುಬ್ಬಿಯ ಅಡಕೆ ತೋಟದ ನಡುವಿನ ಒಂಟಿಮನೆಗೆ ಪೊಲೀಸ್ ಜೀಪು ಹೋದರೆ ಊರೆಲ್ಲ ಕತ್ತೆತ್ತಿ ನೋಡುತ್ತದೆ. ಆಶಾ ಅಕ್ಕ ಹೋದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಶಾಂತಿ ಕಾಯುವವರಿಗೆ ಇದಕ್ಕಿಂತ ದೊಡ್ಡ ಬಲ ಇನ್ನೇನು ಬೇಕು?

ನೋಡಿ, ಕೇಳಿ

ಮೊದಲು ನೋಡುವುದನ್ನು ಕಲಿಯಿರಿ. ಹಳೆಯದೂ ಹೊಸದೂ ಸೇರಿದ ಗಾಯಗಳು. ಹೇಳುವ ಕಥೆಗೂ ಗಾಯಕ್ಕೂ ಹೊಂದದೇ ಇರುವುದು. ಪೆಟ್ಟಾಗಿ ಎರಡು ದಿನವಾದ ಮೇಲೆ ಬರುವುದು. ಹೆಂಡತಿಯನ್ನು ಕೇಳಿದರೆ ಗಂಡ ಉತ್ತರ ಹೇಳುವುದು. ಬಸುರಿಯ ಹೊಟ್ಟೆಯ ಮೇಲೆ ಏಟಿನಿಂದ ಕಂದಿದ ಕಲೆ. ಕಾರಣವಿಲ್ಲದೆ ಸೊರಗಿದ ಮಗು. ವಿಷ ಕುಡಿದು ಬದುಕುಳಿದವಳ ಮೌನ. ಇವೆಲ್ಲ ಜ್ವರ, ಕೆಮ್ಮಿನಂತೆ ಲಕ್ಷಣಗಳೇ.

ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. 1990ರ ದಶಕದ ಕೊನೆಯಲ್ಲಿ ವಿಮೋಚನಾ ಮಹಿಳಾ ಸಂಘಟನೆಯವರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿನ ಹೆಣ್ಣುಮಕ್ಕಳ ಬೆನ್ನು ಹತ್ತಿದರು. ‘ಸ್ಟವ್ ಸಿಡಿದು ಸಾವು’, ‘ಅಡುಗೆಮನೆ ಅಪಘಾತ’ ಎಂದು ಮುಚ್ಚಿಹೋಗುತ್ತಿದ್ದ ಕಡತಗಳ ಹಿಂದೆ ವರದಕ್ಷಿಣೆ ಇತ್ತು, ವರ್ಷಗಳ ಹೊಡೆತ ಇತ್ತು. ಮದುವೆಯಾಗಿ ಕೆಲವೇ ವರ್ಷವಾದ ಹುಡುಗಿಯರ ಮೈಮೇಲೆ ಮಾತ್ರ ಸ್ಟವ್ ಯಾಕೆ ಸಿಡಿಯುತ್ತದೆ ಎಂದು ವಾರ್ಡಿನೊಳಗೇ ಕೇಳಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ.

ಆಮೇಲೆ ಕೇಳುವುದು. ಇದು ಜಾಣ್ಮೆಯ ಕೆಲಸ. ಗಂಡ, ಅತ್ತೆ ಪಕ್ಕದಲ್ಲಿರುವಾಗ ಕೇಳಿದರೆ ಆಕೆಗೆ ಮನೆಗೆ ಹೋದ ಮೇಲೆ ಇನ್ನೊಂದು ಏಟು. ಅವರನ್ನು ಚೀಟಿ ಮಾಡಿಸಲು ಕಳಿಸಿ, ಮಾತ್ರೆ ತರಲು ಕಳಿಸಿ, ಪರದೆ ಎಳೆಯಿರಿ. ಆಮೇಲೆ ನಮ್ಮ ಊರಿನ ಮಾತಿನಲ್ಲೇ ಕೇಳಿ: “ಅಕ್ಕಾ, ಇಂಥಾ ಗಾಯ ಆದೋರ‍್ನ ಎಲ್ಲಾರ್ನೂ ನಾವು ಕೇಳ್ತೀವಿ. ಮನೇಲಿ ಯಾರಾದ್ರೂ ಕೈ ಮಾಡ್ತಾರಾ?” ಅಷ್ಟು ಸಾಕು. ಇವತ್ತು ಇಲ್ಲ ಎಂದರೆ ಬಿಡಿ. ಕೇಳುವವರು ಇಲ್ಲೊಬ್ಬರಿದ್ದಾರೆ ಎಂದು ಆಕೆಗೆ ತಿಳಿದಿದೆ, ಇನ್ನೊಂದು ದಿನ ತಾನಾಗಿಯೇ ಬರುತ್ತಾಳೆ.

ಹೇಳಿದರೆ ನಂಬಿ. ‘ನೀನೇನು ಮಾಡಿದ್ದೆ?’ ಎಂದು ಕೇಳಬೇಡಿ. ‘ಹೊಂದ್ಕೊಂಡು ಹೋಗವ್ವ’ ಎಂಬ ಉಪದೇಶವಂತೂ ಬೇಡವೇ ಬೇಡ, ಅದನ್ನು ಆಕೆ ತವರಿನಲ್ಲೂ ಕೇಳಿ ಬಂದಿರುತ್ತಾಳೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಹೇಳಿದವರು ಜಗಳದ ಬಗ್ಗೆ ಹೇಳಿದ್ದಾರೆ, ಮೂಳೆ ಮುರಿಯುವುದರ ಬಗ್ಗೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯ ಸಿಬ್ಬಂದಿಗೆ ಕಲಿಸುವ ಕ್ರಮವೂ ಸರಳವೇ: ಕಿವಿಗೊಡುವುದು, ಏನು ಬೇಕೆಂದು ಕೇಳುವುದು, ನಂಬಿದ್ದೇನೆಂದು ತಿಳಿಸುವುದು, ರಕ್ಷಣೆಯ ದಾರಿ ಯೋಚಿಸುವುದು, ನೆರವಿನ ಜಾಗಕ್ಕೆ ಮುಟ್ಟಿಸುವುದು. ಇವತ್ತು ರಾತ್ರಿ ಮನೆಗೆ ಹೋದರೆ ಜೀವಕ್ಕೆ ಭಯವಿದೆಯೇ, ಮಕ್ಕಳು ಎಲ್ಲಿದ್ದಾರೆ, ಕೂಗಿದರೆ ಬರುವ ನೆರೆಯವರು ಯಾರು, ಆಧಾರ್ ಕಾರ್ಡು, ಬ್ಯಾಂಕ್ ಪುಸ್ತಕ ಕೈಗೆ ಸಿಗುವಲ್ಲಿವೆಯೇ ಎಂದು ಕೂತು ಮಾತಾಡಿ. ಮುಂದಿನ ತೀರ್ಮಾನ ಆಕೆಯದು. ಮನೆ ಬಿಡು ಎನ್ನುವುದೂ ಮನೆಯಲ್ಲೇ ಇರು ಎನ್ನುವುದೂ ನಿಮ್ಮ ಅಧಿಕಾರವಲ್ಲ.

ಹೊಡೆಯುವವನ ಕಡೆಗೂ ನೋಡಿ. ಕುಡಿತ ಹೊಡೆತಕ್ಕೆ ನೆಪವಾಗಬಾರದು, ಆದರೆ ಕುಡಿತಕ್ಕೆ ಚಿಕಿತ್ಸೆ ಇದೆ ಎಂಬುದನ್ನು ನಮ್ಮ ಹಳ್ಳಿಗಳಿಗೆ ಹೇಳಿದವರು ಕಡಿಮೆ. ಮನಸ್ಸು ಕುಗ್ಗಿದವರಿಗೆ, ಸಿಟ್ಟು ಹಿಡಿತಕ್ಕೆ ಸಿಗದವರಿಗೆ 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಗಂಡಸರ ಹತ್ತಿರ ಈ ಮಾತು ಆಡಲು ಗಂಡು ಹುಡುಗರೂ ಬೇಕು. ನರ್ಸಿಂಗ್ ಓದುತ್ತಿರುವ ತಮ್ಮಂದಿರೇ, ಊರ ಅರಳಿಕಟ್ಟೆಯ ಮೇಲೆ ಕೂತು ಹೆಂಡತಿಗೆ ಹೊಡೆಯುವುದು ಗಂಡಸ್ತನವಲ್ಲ ಎಂದು ನೀವು ಹೇಳಿದರೆ ಅದರ ತೂಕವೇ ಬೇರೆ.

ನಿಮ್ಮ ಪೆನ್ನಿನ ಬಲ

ಆಸ್ಪತ್ರೆಯ ದಾಖಲೆಯಲ್ಲಿ ಬರೆದ ಒಂದು ಸಾಲು ಎಷ್ಟೋ ವರ್ಷದ ಮೇಲೆ ನ್ಯಾಯಾಲಯದಲ್ಲಿ ಎದ್ದು ನಿಂತು ಮಾತಾಡುತ್ತದೆ. ‘ಬಿದ್ದು ಗಾಯ’ ಎಂದು ಗೀಚಿ ಮುಗಿಸಿದರೆ ಆ ಹೆಣ್ಣಿನ ಮೊಕದ್ದಮೆ ಅಲ್ಲೇ ಸತ್ತಿತು. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ, ಗಾಯದ ಜಾಗ, ಅಳತೆ, ಬಣ್ಣ ಸಮೇತ ಬರೆದರೆ ಅದನ್ನು ಅಲ್ಲಗಳೆಯುವುದು ಸುಲಭವಲ್ಲ.

ಕಾನೂನು ನಿಮ್ಮ ಬೆನ್ನಿಗಿದೆ, ಓದಿಕೊಳ್ಳಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 7ನೆಯ ಕಲಮಿನಂತೆ, ನೊಂದ ಮಹಿಳೆಗೆ ವೈದ್ಯಕೀಯ ನೆರವು ಕೊಡುವುದು ಆಸ್ಪತ್ರೆಯ ಹೊಣೆ. ಅದರ ನಿಯಮಗಳಂತೆ, ವರದಿ ತಂದಿಲ್ಲ ಎಂದು ಆಕೆಯನ್ನು ಹಿಂದಕ್ಕೆ ಕಳಿಸುವಂತಿಲ್ಲ. ಆಸ್ಪತ್ರೆಯೇ ಕೌಟುಂಬಿಕ ಘಟನಾ ವರದಿ ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ, ಅಂದರೆ ತಾಲ್ಲೂಕಿನ ಸಿಡಿಪಿಒಗಳೇ, ಆ ಕೆಲಸ ಮಾಡುತ್ತಾರೆ. ಅತ್ಯಾಚಾರಕ್ಕೆ, ಆಸಿಡ್ ದಾಳಿಗೆ ಒಳಗಾದವರಿಗೆ ಸರ್ಕಾರಿ ಇರಲಿ ಖಾಸಗಿ ಇರಲಿ ಎಲ್ಲ ಆಸ್ಪತ್ರೆಯೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೆಯ ಕಲಂ ಹೇಳುತ್ತದೆ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ. ಹಾಗಾಗಿ ಮಗುವಿಗೆ ‘ಯಾರಿಗೂ ಹೇಳಲ್ಲ ಪುಟ್ಟಾ’ ಎಂದು ಸುಳ್ಳು ಭರವಸೆ ಕೊಡಬೇಡಿ. ಯಾರಿಗೆ ಹೇಳುತ್ತೇನೆ, ಯಾಕೆ ಹೇಳುತ್ತೇನೆ ಎಂದು ತಿಳಿಸಿ ಹೇಳಿ.

ಮುಂದಿನ ಕೊಂಡಿಗಳೂ ನಾಲಿಗೆಯ ತುದಿಯಲ್ಲಿರಲಿ. ಹೆಂಗಸರಿಗೆ 181, ಮಕ್ಕಳಿಗೆ 1098, ತುರ್ತಿಗೆ 112. ಚಿಕಿತ್ಸೆ, ಆಪ್ತಸಮಾಲೋಚನೆ, ಕಾನೂನು ನೆರವು, ತಾತ್ಕಾಲಿಕ ಆಸರೆ ಒಂದೇ ಸೂರಿನಡಿ ಸಿಗಲೆಂದು ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ‘ಸಖಿ’ ಕೇಂದ್ರಗಳಿವೆ. ಮುಂಬೈಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ದಲ್ಲಿ ತೆರೆದ ‘ದಿಲಾಸಾ’ ಕೇಂದ್ರ, ಆಸ್ಪತ್ರೆಯ ಸಿಬ್ಬಂದಿಯನ್ನೇ ತರಬೇತಿಗೊಳಿಸಿದರೆ ಇಂಥ ಕೆಲಸ ಆಗುತ್ತದೆ ಎಂದು ಮಾಡಿ ತೋರಿಸಿತು. ಗುಬ್ಬಿ, ಕುಣಿಗಲ್ಲಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಅದು ಆಗುವುದಿಲ್ಲ ಎನ್ನಲು ಕಾರಣವೇನಿದೆ?

ಮೊದಲು ನಮ್ಮ ಅಂಗಳ ಗುಡಿಸೋಣ

ಇಷ್ಟು ಹೇಳಿ ನಮ್ಮ ಕಡೆಯ ಕಸವನ್ನು ಮುಚ್ಚಿಟ್ಟರೆ ಆತ್ಮವಂಚನೆಯಾದೀತು. 2022ರ ನವೆಂಬರ್ ಮೊದಲ ವಾರ ತುಮಕೂರು ನಗರದಲ್ಲಿ ನಡೆದದ್ದು ರಾಜ್ಯಕ್ಕೆಲ್ಲ ಗೊತ್ತು. ಹೆರಿಗೆ ನೋವಿನಿಂದ ಜಿಲ್ಲಾ ಆಸ್ಪತ್ರೆಗೆ ಬಂದ ಬಡ ಹೆಣ್ಣುಮಗಳ ಬಳಿ ಬಸುರಿಯರಿಗೆ ಕೊಡುವ ತಾಯಿ ಕಾರ್ಡ್ ಇರಲಿಲ್ಲ. ದಾಖಲಿಸಿಕೊಳ್ಳದೆ ಕಳಿಸಿದರೆಂಬ ಆರೋಪ ಬಂತು. ಆಕೆ ಮನೆಯಲ್ಲೇ ಅವಳಿ ಮಕ್ಕಳನ್ನು ಹೆತ್ತಳು. ತಾಯಿಯೂ ಉಳಿಯಲಿಲ್ಲ, ಮಕ್ಕಳೂ ಉಳಿಯಲಿಲ್ಲ. ಕರ್ತವ್ಯದಲ್ಲಿದ್ದ ವೈದ್ಯೆ, ದಾದಿಯರು ಅಮಾನತಾದರು. ಯಾರೂ ಕೈ ಎತ್ತಿ ಹೊಡೆಯಲಿಲ್ಲ. ಆದರೂ ಅದು ಹಿಂಸೆ. ತುರ್ತಿನಲ್ಲಿ ಬಂದವರಿಗೆ ಮೊದಲು ಚಿಕಿತ್ಸೆ, ಉಳಿದದ್ದೆಲ್ಲ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತ್ತು. ವಸಂತನರಸಾಪುರದ ಕಾರ್ಖಾನೆಗಳಿಗೆ ದೂರದ ಊರುಗಳಿಂದ ಕೂಲಿಗೆ ಬಂದ ಕುಟುಂಬಗಳಿವೆ. ಕನ್ನಡ ಬಾರದ, ಕಾಗದವಿಲ್ಲದ ಹೆಂಗಸೊಬ್ಬಳು ನಾಳೆ ನಿಮ್ಮ ಮುಂದೆ ನಿಂತಾಗ ಈ ಸಾವುಗಳು ನಿಮಗೆ ನೆನಪಾಗಬೇಕು.

2023ರ ಕೊನೆಯಲ್ಲಿ ಪಕ್ಕದ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಬಂಧಿತರಲ್ಲಿ ವೈದ್ಯರೂ ಇದ್ದರು, ಲ್ಯಾಬ್ ತಂತ್ರಜ್ಞರೂ ಇದ್ದರು. ಜೀವ ಉಳಿಸಲು ಕಲಿತ ವಿದ್ಯೆಯೇ ಹುಟ್ಟುವ ಮುಂಚೆ ಹೆಣ್ಣನ್ನು ಕೊಲ್ಲಲು ನಿಂತಿತ್ತು. ಅತ್ಯಾಚಾರಕ್ಕೆ ಒಳಗಾದವರಿಗೆ ಎರಡು ಬೆರಳಿನ ಪರೀಕ್ಷೆ ಮಾಡುವುದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರಂದು ಮತ್ತೆ ಎಚ್ಚರಿಸಬೇಕಾಯಿತು. ಹೆರಿಗೆ ಕೋಣೆಯಲ್ಲಿ ಕೂಗಿದವಳ ತೊಡೆಗೆ ಹೊಡೆಯುವುದು, ಜಾತಿ ಕೇಳಿ ದನಿ ಬದಲಿಸುವುದು, ಎಚ್‌ಐವಿ ಇದ್ದವರ ಮಂಚದ ಹತ್ತಿರ ಹೋಗದಿರುವುದು ಕಂಡರೆ, ಹಿರಿಯರು ಮಾಡಿದರೂ ಸರಿ, ‘ಇದು ತಪ್ಪು ಮೇಡಂ’ ಎಂದು ಹೇಳುವ ಎದೆಗಾರಿಕೆ ನಿಮ್ಮ ತಲೆಮಾರಿಗೆ ಬರಲಿ.

ನಿಮ್ಮ ಮೇಲೂ ಹಿಂಸೆ ನಡೆಯುತ್ತದೆ. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕೊರೊನಾ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯ ಮೇಲೆ ಜನ ಮುಗಿಬಿದ್ದರು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ಪಾಳಿಯಲ್ಲಿದ್ದ ಯುವ ವೈದ್ಯೆಯ ಮೇಲೆ ಅತ್ಯಾಚಾರ ನಡೆಸಿ ಕೊಲ್ಲಲಾಯಿತು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಕಾಯ್ದೆ ಇದೆ. ಅದನ್ನು ಬಳಸಿ, ರಾತ್ರಿ ಪಾಳಿಗೆ ಬೆಳಕು, ಬೀಗವಿರುವ ವಿಶ್ರಾಂತಿ ಕೋಣೆ, ಕಾವಲು ಬೇಕೆಂದು ಕೇಳಿ. ಜೊತೆಗೆ, ಹೊರಗೆ ಕಾಯುತ್ತಿರುವ ರೋಗಿಯ ಕಡೆಯವರಿಗೆ ಒಳಗೇನಾಗುತ್ತಿದೆ ಎಂದು ಆಗಾಗ ಬಂದು ಹೇಳಿ. ಆಸ್ಪತ್ರೆಯ ಬಾಗಿಲಲ್ಲಿ ಎಷ್ಟೋ ಕೈಗಳು ಮೇಲೇಳುವುದು ಯಾರೂ ಏನೂ ಹೇಳದೇ ಹೋದಾಗ. ಸಂಬಳವೂ ಶಾಂತಿಯ ಮಾತೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಗೌರವ ಪಡೆದ ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಊರಿನ ಶಾಂತಿ ಕಾಯಿರಿ ಎನ್ನುವ ಸರ್ಕಾರ ಅವರ ಒಲೆಯನ್ನೂ ನೋಡಬೇಕು.

ಸುಳ್ಳಿಗೂ ಲಸಿಕೆ

ಮನೆಯ ಹಿಂಸೆಯಂತೆ ಬೀದಿಯ ಹಿಂಸೆಯೂ ಇದೆ. ಅದಕ್ಕೆ ಈಗ ಮೊಬೈಲಿನ ವೇಗ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ‘ಮಕ್ಕಳ ಕಳ್ಳ’ ಎಂಬ ವಾಟ್ಸ್‌ಆ್ಯಪ್ ಸುಳ್ಳನ್ನು ನಂಬಿದ ಗುಂಪು ಅಮಾಯಕನೊಬ್ಬನನ್ನು ಹೊಡೆದು ಕೊಂದಿತು. ಅದರ ಹಿಂದಿನ ವರ್ಷವಷ್ಟೇ ದಡಾರ–ರುಬೆಲ್ಲಾ ಲಸಿಕೆಯ ಬಗ್ಗೆ ಅದೇ ವಾಟ್ಸ್‌ಆ್ಯಪ್‌ನಲ್ಲಿ ಸುಳ್ಳು ಹರಡಿತ್ತು. ಆಗ ಮನೆಬಾಗಿಲಿಗೆ ಹೋಗಿ, ಬೈಸಿಕೊಂಡು, ತಾಳ್ಮೆಗೆಡದೆ, ಅಜ್ಜಿಗೆ, ಮುಲ್ಲಾ ಸಾಹೇಬರಿಗೆ, ಶಾಲೆಯ ಮೇಷ್ಟ್ರಿಗೆ ತಿಳಿಹೇಳಿದವರು ಆರೋಗ್ಯ ಕಾರ್ಯಕರ್ತೆಯರು. ಲಸಿಕೆಯ ಸುಳ್ಳನ್ನು ಮಣಿಸಿದ ನಾಲಿಗೆಗೆ ಕೋಮಿನ ಸುಳ್ಳನ್ನು, ಜಾತಿಯ ಸುಳ್ಳನ್ನು ಮಣಿಸುವುದು ಆಗದ ಕೆಲಸವೇ? 2022ರ ಏಪ್ರಿಲ್‌ನಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಇಬ್ಬರು ದಲಿತ ಯುವಕರ ಕೊಲೆಯಾಯಿತು. ಅಂಥ ಊರುಗಳಲ್ಲಿ ಎರಡೂ ಕೇರಿಗೆ ಹೋಗಿ ಎರಡೂ ಕಡೆ ನೀರು ಕುಡಿದು ಬರುವವರು ಯಾರಾದರೂ ಇದ್ದರೆ ಅವರು ನೀವೇ.

ಹೇಮಾವತಿ ನೀರನ್ನು ಕುಣಿಗಲ್ ಕಡೆಗೆ ಒಯ್ಯುವ ಲಿಂಕ್ ಕಾಲುವೆಯನ್ನೇ ನೋಡಿ. ಕುಣಿಗಲ್ ಕಡೆಯವರಿಗೆ ಅದು ಆಸೆ, ಗುಬ್ಬಿ ಕಡೆಯವರಿಗೆ ಅದು ಆತಂಕ. 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಪ್ರತಿಭಟನೆಯ ಕಾವು ಏರಿ ನಿಷೇಧಾಜ್ಞೆಯವರೆಗೆ ಹೋಯಿತು. ನೀರು ಯಾರಿಗೆ ಎಷ್ಟು ಎಂಬುದನ್ನು ತೀರ್ಮಾನಿಸುವುದು ದಾದಿಯ ಕೆಲಸವಲ್ಲ. ರೈತರು ಕೇಳಲಿ, ಜನಪ್ರತಿನಿಧಿಗಳು ಉತ್ತರಿಸಲಿ. ಆದರೆ ನೀರಿನ ಜಗಳ ಮನುಷ್ಯರ ದ್ವೇಷವಾಗದಂತೆ ನೋಡಿಕೊಳ್ಳುವುದು ನಿಮ್ಮಿಂದ ಆಗುತ್ತದೆ. ಎರಡೂ ತಾಲ್ಲೂಕಿನ ಬಸುರಿಯರು ತುಮಕೂರಿನ ಒಂದೇ ವಾರ್ಡಿನಲ್ಲಿ ಅಕ್ಕಪಕ್ಕದ ಮಂಚದಲ್ಲಿ ಮಲಗುತ್ತಾರೆ. ಒಬ್ಬರ ಫ್ಲಾಸ್ಕಿನ ಬಿಸಿನೀರು ಇನ್ನೊಬ್ಬರ ಲೋಟಕ್ಕೆ ಹೋಗುತ್ತದೆ.

ಇದು ಮೃದು ಮನಸ್ಸಿನ ಕನಸು ಎನ್ನಬೇಡಿ. ಅಂತರ್ಯುದ್ಧದಲ್ಲಿ ಉರಿಯುತ್ತಿದ್ದ ಎಲ್ ಸಾಲ್ವಡಾರ್‌ನಲ್ಲಿ 1985ರಲ್ಲಿ ಮಕ್ಕಳಿಗೆ ಲಸಿಕೆ ಹಾಕಲೆಂದೇ ಸೈನ್ಯವೂ ಬಂಡುಕೋರರೂ ನಿಗದಿಯಾದ ದಿನಗಳಂದು ಬಂದೂಕು ಕೆಳಗಿಟ್ಟರು. ಅದೇ ವರ್ಷ, ಅಮೆರಿಕದ ಬರ್ನಾರ್ಡ್ ಲೌನ್ ಮತ್ತು ಸೋವಿಯತ್ ಒಕ್ಕೂಟದ ಯೆವ್ಗೆನಿ ಚಾಜೊವ್ ಎಂಬ ಇಬ್ಬರು ಹೃದಯ ತಜ್ಞರು ಸೇರಿ ಕಟ್ಟಿದ, ಅಣುಯುದ್ಧ ವಿರೋಧಿಸುವ ವೈದ್ಯರ ಸಂಘಟನೆಗೆ ನೊಬೆಲ್ ಶಾಂತಿ ಪುರಸ್ಕಾರ ಬಂತು. ಅಷ್ಟು ದೂರವೂ ಹೋಗಬೇಡಿ. ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ಹೋದಾಗ ಇಪ್ಪತ್ತೆಂಟು ತುಂಬುತ್ತಿದ್ದ ಹುಡುಗ. ಗಾಯಾಳುಗಳ ಸೇವೆಯಲ್ಲೇ 1942ರಲ್ಲಿ ಪ್ರಾಣ ಬಿಟ್ಟರು. ಚೀನಾ ಇಂದಿಗೂ ಅವರನ್ನು ನೆನೆಯುತ್ತದೆ.

ಕೆಲಸಕ್ಕೆ ಇಳಿಯಿರಿ

ನಿಮಗೆ ಚೀನಾ ಬೇಡ, ಗುಬ್ಬಿ ಸಾಕು, ಕುಣಿಗಲ್ ಸಾಕು. ಈ ಜಿಲ್ಲೆಯ ಮಣ್ಣಿನಲ್ಲಿ ಅದಕ್ಕೆ ಬೇಕಾದ ಸತ್ವವಿದೆ. 111 ವರ್ಷ ಬಾಳಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟ ನೆಲ ಇದು. ಪಂಕ್ತಿಯಲ್ಲಿ ಒಟ್ಟಿಗೆ ಕೂತು ಉಂಡವರು ಅಷ್ಟು ಸುಲಭವಾಗಿ ಒಬ್ಬರ ಮೇಲೊಬ್ಬರು ಕತ್ತಿ ಎತ್ತುವುದಿಲ್ಲ. ಗುಬ್ಬಿ ವೀರಣ್ಣನವರ ಊರಿನವರಿಗೆ ನಾಟಕ ಆಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಸಂತೆ ಸೇರುವ ಜಾಗದಲ್ಲಿ, ಜಾತ್ರೆಯ ಬಯಲಿನಲ್ಲಿ, ಬಸ್‌ ನಿಲ್ದಾಣದಲ್ಲಿ ಹದಿನೈದು ನಿಮಿಷದ ಬೀದಿ ನಾಟಕ ಕಟ್ಟಿ. ಬಾಲ್ಯವಿವಾಹದ ಬಗ್ಗೆ, ಕುಡಿತದ ಬಗ್ಗೆ, ವಾಟ್ಸ್‌ಆ್ಯಪ್ ಸುಳ್ಳಿನ ಬಗ್ಗೆ ಆಡಿ. ಕಾಲೇಜಿನಲ್ಲಿ ಗುಂಪು ಕಟ್ಟಿ, ತಿಂಗಳಿಗೊಮ್ಮೆ ವಕೀಲರನ್ನು, ಸಿಡಿಪಿಒ ಅವರನ್ನು, ಅನುಭವಿ ಆಶಾ ಅಕ್ಕನನ್ನು ಕರೆದು ಪಾಠ ಹೇಳಿಸಿಕೊಳ್ಳಿ. ಪ್ರಾಚಾರ್ಯರು ಒಪ್ಪದಿದ್ದರೆ ಒಪ್ಪುವ ತನಕ ಕೇಳಿ.

ಒಂದೇ ದಿನದಲ್ಲಿ ಯಾವುದೂ ಬದಲಾಗುವುದಿಲ್ಲ. ನೀವು ಕೇಳಿದ ಹತ್ತು ಹೆಂಗಸರಲ್ಲಿ ಒಂಬತ್ತು ಜನ ‘ಏನಿಲ್ಲ ಬುಡವ್ವ’ ಎಂದು ಹೋಗಬಹುದು. ಮೇಲಿನವರು ‘ಇದೆಲ್ಲ ನಿನಗ್ಯಾಕೆ?’ ಎನ್ನಬಹುದು. ಹೊಡೆದವನ ಕಡೆಯವರು ಬಂದು ಗದರಿಸಬಹುದು. ಒಬ್ಬರೇ ನಿಂತರೆ ಕಷ್ಟ, ಹಾಗಾಗಿ ಹತ್ತು ಜನ ಒಟ್ಟಿಗೆ ನಿಲ್ಲಿ. ಸಿಡುಬನ್ನು ಜಗತ್ತಿನಿಂದಲೇ ಅಟ್ಟಿದ್ದು, ಪೋಲಿಯೊವನ್ನು ಭಾರತದಿಂದ ಓಡಿಸಿದ್ದು ಬರೀ ಔಷಧವಲ್ಲ. ಬಿಸಿಲಲ್ಲಿ ನಡೆದು, ಬಾಗಿಲು ತಟ್ಟಿ, ಬಾಗಿಲು ತೆರೆಯದಿದ್ದರೆ ಮರುದಿನ ಮತ್ತೆ ತಟ್ಟಿದ ನಿಮ್ಮಂಥವರ ಕಾಲುಗಳು. ಅವರಿಗೂ ಆಗುವುದಿಲ್ಲ ಎಂದೇ ಹೇಳಿದ್ದರು.

ಸಮವಸ್ತ್ರ ತೊಡುವ ದಿನ ನೀವು ದೀಪ ಹಿಡಿದು ಪ್ರತಿಜ್ಞೆ ಮಾಡುತ್ತೀರಿ. ಅದರ ಜೊತೆಗೆ ಮನಸ್ಸಿನಲ್ಲಿ ಇನ್ನೊಂದು ಮಾತು ಕೊಟ್ಟುಕೊಳ್ಳಿ: ನನ್ನ ಕಣ್ಣೆದುರು ಬಂದ ಹಿಂಸೆಯನ್ನು ನೋಡದವಳಂತೆ, ನೋಡದವನಂತೆ ಕಳಿಸುವುದಿಲ್ಲ. ಕೇಳುತ್ತೇನೆ, ನಂಬುತ್ತೇನೆ, ಬರೆಯುತ್ತೇನೆ, ಜೊತೆಗೆ ನಿಲ್ಲುತ್ತೇನೆ. ಜಿಲ್ಲೆಯ ಹತ್ತು ತಾಲ್ಲೂಕಿನಲ್ಲಿ ಇಂಥ ಮಾತು ಕೊಟ್ಟ ನೂರು ಜನ ಸಿಕ್ಕರೂ ಸಾಕು, ‘ಬಚ್ಚಲಲ್ಲಿ ಜಾರಿಬಿದ್ದೆ’ ಎಂಬ ಸುಳ್ಳು ಹೇಳಬೇಕಾದ ಹೆಂಗಸರು ಕಡಿಮೆಯಾಗುತ್ತಾರೆ. ತಮ್ಮಂದಿರೇ, ತಂಗಿಯರೇ, ಇನ್ನು ನಿಮ್ಮ ಪಾಳಿ. ಎದ್ದು ಬನ್ನಿ, ಕೆಲಸ ಬಹಳ ಇದೆ.